ಹಳೆಯ ಕಂಪ್ಯೂಟರಿಗೆ ಬ್ರೌಸರ್: ಯಾವುದು, ಹೇಗೆ, ಯಾವ ಕ್ರಮದಲ್ಲಿ

ಹಳೆಯ ಕಂಪ್ಯೂಟರ್ ತೆವಳತೊಡಗಿದಾಗ ಬಹುತೇಕರು ಮಾಡುವುದು ಒಂದೇ ಕೆಲಸ. ‘ಅತಿ ಹಗುರ ಬ್ರೌಸರ್’ ಎಂದು ಹುಡುಕಿ, ಸಿಕ್ಕ ಪಟ್ಟಿಯ ಮೊದಲನೆಯದನ್ನು ಹಾಕಿಕೊಳ್ಳುತ್ತಾರೆ. ಎರಡು ದಿನ ಚುರುಕಾಗಿ ಕಾಣುತ್ತದೆ. ಮೂರನೆಯ ದಿನ ಬ್ಯಾಂಕಿನ ಪುಟ ತೆರೆಯುವುದಿಲ್ಲ, ನಾಲ್ಕನೆಯ ದಿನ ವಿಡಿಯೊ ತೊದಲುತ್ತದೆ, ವಾರದೊಳಗೆ ಇನ್ನೊಂದು ಬ್ರೌಸರ್ ಬಂದು ಕೂರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಡೆಸ್ಕ್‌ಟಾಪಿನ ಮೇಲೆ ಐದು ಬ್ರೌಸರುಗಳು, ಯಂತ್ರ ಮೊದಲಿಗಿಂತ ನಿಧಾನ.

ಎಡವುವುದು ಕ್ರಮದಲ್ಲಿ. ಬ್ರೌಸರ್ ತಾನಾಗಿ ತಿನ್ನುವುದು ಸ್ವಲ್ಪ. ಅದು ತೆರೆಯುವ ಪುಟಗಳು ತಿನ್ನುವುದು ಬಹಳ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಎಲ್ಲವೂ ಕ್ರೋಮಿಯಂ ಎಂಬ ಒಂದೇ ಬುನಾದಿಯ ಮೇಲೆ ಕಟ್ಟಿದವು. ಒಂದೇ ಪುಟವನ್ನು ಐದರಲ್ಲಿಯೂ ತೆರೆದರೆ ಮೆಮೊರಿಯ ಲೆಕ್ಕ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವುದು ಹಗುರ’ ಎಂದಲ್ಲ. ‘ನನ್ನ ಯಂತ್ರಕ್ಕೆ ಇಂದಿಗೂ ಭದ್ರತಾ ಅಪ್‌ಡೇಟ್ ಕೊಡುತ್ತಿರುವ ಬ್ರೌಸರ್ ಯಾವುದು’ ಎಂದು. ಅದು ಸಿಕ್ಕ ಮೇಲೆ ಅದನ್ನು ಹಗುರ ಮಾಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಉದಾಹರಣೆಗೆ ಮನೆಮನೆಯಲ್ಲಿ ಇನ್ನೂ ಉಳಿದಿರುವ ಒಂದು ಯಂತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ: 2010ರ ಆಸುಪಾಸಿನ ಡೆಸ್ಕ್‌ಟಾಪ್, ಇಂಟೆಲ್ ಕೋರ್ 2 ಡ್ಯೂಯೊ ಪ್ರೊಸೆಸರ್, 2 ಜಿಬಿ ರ್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ), ತಿರುಗುವ ಹಾರ್ಡ್ ಡಿಸ್ಕ್, ವಿಂಡೋಸ್ 7. ನಿಮ್ಮದು ಬೇರೆಯಾಗಿದ್ದರೂ ಹಂತಗಳ ಕ್ರಮ ಇದೇ.

## ಮೊದಲು ಕೈಗೆ ಬೇಕಾದವು

ಒಂದು ಕಾಗದ, ಪೆನ್ನು. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್. ಅಂತರಜಾಲ ಸರಿಯಾಗಿ ನಡೆಯುವ ಇನ್ನೊಂದು ಕಂಪ್ಯೂಟರ್, ನೆರೆಮನೆಯದಾದರೂ ಸರಿ. ಹಳೆಯ ಬ್ರೌಸರಿನಲ್ಲಿ ಹೊಸ ಬ್ರೌಸರಿನ ತಾಣವೇ ತೆರೆಯದಿರುವುದು ಸಾಮಾನ್ಯ. ಜೊತೆಗೆ ವಾಚ್ ಅಂಗಡಿಯಲ್ಲಿ ಸಿಗುವ ಸಿಆರ್2032 ನಾಣ್ಯದಾಕಾರದ ಸೆಲ್ ಒಂದು. ಅದು ಯಾಕೆ ಎಂಬುದು ಮೊದಲ ಹಂತದಲ್ಲೇ ತಿಳಿಯುತ್ತದೆ. ಎರಡು ಗಂಟೆ ಬಿಡುವು ಮಾಡಿಕೊಳ್ಳಿ; ಆನ್‌ಲೈನ್ ಅರ್ಜಿಯ ಕೊನೆಯ ದಿನದಂದು ಈ ಕೆಲಸಕ್ಕೆ ಕೈ ಹಾಕಬೇಡಿ.

## ಹಂತ 1: ದಿನಾಂಕ ಮತ್ತು ಗಡಿಯಾರ ನೋಡಿ

ಪರದೆಯ ಬಲ ಕೆಳಮೂಲೆಯಲ್ಲಿರುವ ದಿನಾಂಕ ಸರಿಯಿದೆಯೇ? ವರ್ಷವನ್ನೂ ನೋಡಿ. ‘ಎಲ್ಲಾ ಬ್ರೌಸರ್ ಹಾಕಿ ನೋಡಿದೆ, ಯಾವುದರಲ್ಲೂ ಪುಟ ತೆರೆಯುತ್ತಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎನ್ನುತ್ತದೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ: ಕಂಪ್ಯೂಟರ್ ತಾನಿನ್ನೂ 2009ರಲ್ಲಿ ಇದ್ದೇನೆ ಎಂದುಕೊಂಡಿದೆ.

ಪ್ರತಿ ಸುರಕ್ಷಿತ ತಾಣಕ್ಕೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ, ಅದಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ನಿಮ್ಮ ಯಂತ್ರದ ದಿನಾಂಕ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಬಾಗಿಲು ಹಾಕುತ್ತದೆ. ಹಾಗೆ ಹಾಕುವುದು ಅದರ ಕರ್ತವ್ಯ.

ದಿನಾಂಕ ಸರಿಪಡಿಸಿ, ಸಮಯ ವಲಯ ಭಾರತದ ಐದೂವರೆ ಗಂಟೆಯದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಯಂತ್ರವನ್ನು ಆರಿಸಿ, ಗೋಡೆಯ ಸ್ವಿಚ್ ಕೂಡ ಆರಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ದಿನಾಂಕ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ಸೆಲ್ ಸತ್ತಿದೆ. ಡೆಸ್ಕ್‌ಟಾಪಿನಲ್ಲಿ ಬದಲಿಸುವುದು ಸುಲಭ. ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಪಕ್ಕದ ಹಲಗೆ ತೆಗೆದು, ಹಳೆಯ ಸೆಲ್ ಯಾವ ಮುಖ ಮೇಲಾಗಿ ಕೂತಿದೆ ಎಂದು ನೋಡಿಕೊಂಡು, ಹೊಸದನ್ನು ಹಾಗೆಯೇ ಕೂರಿಸಿ. ಲ್ಯಾಪ್‌ಟಾಪಿನಲ್ಲಿ ಅದು ತಂತಿಗೆ ಅಂಟಿಕೊಂಡು ಒಳಗಡೆ ಇರುವುದುಂಟು. ಅಭ್ಯಾಸವಿಲ್ಲದಿದ್ದರೆ ರಿಪೇರಿಯವರಿಗೆ ಬಿಡಿ.

ಬ್ರೌಸರ್ ತೋರಿಸುವ ಈ ಎಚ್ಚರಿಕೆಯನ್ನು ‘ಪರವಾಗಿಲ್ಲ, ಮುಂದುವರಿಸು’ ಎಂದು ದಾಟಿ ಹೋಗುವ ಅಭ್ಯಾಸ ಮಾತ್ರ ಬೇಡ. ಮುಂದೊಂದು ದಿನ ನಿಜವಾದ ನಕಲಿ ತಾಣದ ಮುಂದೆಯೂ ಅದೇ ಗುಂಡಿಯನ್ನು ಒತ್ತುತ್ತೀರಿ.

## ಹಂತ 2: ಯಂತ್ರದ ಜಾತಕ ಬರೆದುಕೊಳ್ಳಿ

ವಿಂಡೋಸ್ ಕೀಲಿಯ ಜೊತೆ ‘Pause’ ಎಂದು ಬರೆದಿರುವ ಕೀಲಿಯನ್ನು ಒತ್ತಿದರೆ ಸಿಸ್ಟಂ ಮಾಹಿತಿಯ ಕಿಟಕಿ ತೆರೆಯುತ್ತದೆ. ಅಲ್ಲಿಂದ ಮೂರು ವಿಷಯ ಕಾಗದಕ್ಕೆ ಇಳಿಯಲಿ: ವಿಂಡೋಸ್ ಯಾವ ಆವೃತ್ತಿ, ರ್ಯಾಮ್ ಎಷ್ಟು, 32 ಬಿಟ್‌ನದೋ 64 ಬಿಟ್‌ನದೋ. ವಿಂಡೋಸ್ 7 ಆಗಿದ್ದರೆ ‘ಸರ್ವಿಸ್ ಪ್ಯಾಕ್ 1’ ಎಂಬ ಸಾಲು ಇದೆಯೇ ಎಂದೂ ನೋಡಿ. ಅದು ಇಲ್ಲದಿದ್ದರೆ ಮುಂದೆ ಅಳವಡಿಕೆ ಅರ್ಧಕ್ಕೇ ನಿಲ್ಲುತ್ತದೆ.

ಇಲ್ಲೊಂದು ಸುಳಿವು. ‘4 ಜಿಬಿ’ ಎಂದು ಬರೆದು, ಪಕ್ಕದಲ್ಲೇ ಮೂರು ಚಿಲ್ಲರೆ ಮಾತ್ರ ಬಳಸಬಹುದು ಎಂದಿದ್ದರೆ, ಸಾಮಾನ್ಯವಾಗಿ ಯಂತ್ರದಲ್ಲಿ 32 ಬಿಟ್‌ನ ವಿಂಡೋಸ್ ಕೂತಿದೆ ಎಂದರ್ಥ. ಪ್ರೊಸೆಸರ್ 64 ಬಿಟ್‌ನದಾಗಿದ್ದರೂ ಅಂಗಡಿಯವರು 32 ಬಿಟ್‌ನ ವಿಂಡೋಸ್ ಹಾಕಿ ಕಳಿಸಿರುವ ಕಂಪ್ಯೂಟರುಗಳು ಬೇಕಾದಷ್ಟಿವೆ. ಕೋರ್ 2 ಡ್ಯೂಯೊ 64 ಬಿಟ್‌ನ ಪ್ರೊಸೆಸರೇ. ಇದು ನಾಲ್ಕನೆಯ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ನಾಲ್ಕನೆಯದಾಗಿ, ಸಿ ಡ್ರೈವಿನಲ್ಲಿ ಖಾಲಿ ಜಾಗ ಎಷ್ಟಿದೆ? ರ್ಯಾಮ್ ಸಾಲದಾಗ ವಿಂಡೋಸ್ ಡಿಸ್ಕನ್ನೇ ರ್ಯಾಮಿನಂತೆ ಬಳಸುತ್ತದೆ. ಅಲ್ಲೂ ಜಾಗವಿಲ್ಲದಿದ್ದರೆ ಟ್ಯಾಬುಗಳು ಬಿಳುಚಿಕೊಂಡು ನಿಲ್ಲುತ್ತವೆ. ಕನಿಷ್ಠ 5 ಜಿಬಿಯಾದರೂ ಬಿಡಿಸಿ. ಮದುವೆಯ ವಿಡಿಯೊಗಳು ಡಿ ಡ್ರೈವಿಗೆ ಹೋಗಲಿ.

## ಹಂತ 3: ಬ್ರೌಸರ್ ತೆರೆಯದೆ ಭಾರ ಅಳೆಯಿರಿ

ಈ ಹಂತವನ್ನು ಬಿಡುವವರೇ ಹೆಚ್ಚು. ಯಂತ್ರವನ್ನು ಹೊಸದಾಗಿ ಚಾಲೂ ಮಾಡಿ, ಹತ್ತು ನಿಮಿಷ ಮುಟ್ಟದೆ ಬಿಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಒಂದೂ ಬ್ರೌಸರ್ ತೆರೆಯದೆಯೇ ಮೆಮೊರಿ ಮುಕ್ಕಾಲು ಭಾಗ ತುಂಬಿದ್ದರೆ, ಜಗತ್ತಿನ ಯಾವ ಹಗುರ ಬ್ರೌಸರೂ ನಿಮ್ಮನ್ನು ಕಾಪಾಡಲಾರದು. ಉಳಿದಿರುವ ಅರ್ಧ ಜಿಬಿಯಲ್ಲಿ ಅದು ಎಲ್ಲಿ ಕಾಲು ಚಾಚಬೇಕು?

ಯಂತ್ರದ ಜೊತೆಗೇ ತಾವಾಗಿ ಎದ್ದು ಕೂರುವ ತಂತ್ರಾಂಶಗಳನ್ನು ಈಗ ನಿಲ್ಲಿಸಿ. ವಿಂಡೋಸ್ 7ರಲ್ಲಿ ಸಿಸ್ಟಂ ಕಾನ್ಫಿಗರೇಷನ್‌ನ ‘ಸ್ಟಾರ್ಟಪ್’ ಪಟ್ಟಿಯಲ್ಲಿ, ವಿಂಡೋಸ್ 8 ಮತ್ತು 10ರಲ್ಲಿ ಟಾಸ್ಕ್ ಮ್ಯಾನೇಜರಿನಲ್ಲೇ ಇರುವ ‘ಸ್ಟಾರ್ಟಪ್’ ಟ್ಯಾಬಿನಲ್ಲಿ ಅವು ಸಾಲಾಗಿ ಸಿಗುತ್ತವೆ. ಪ್ರಿಂಟರಿನ ಶಾಯಿ ಎಷ್ಟಿದೆ ಎಂದು ಹೇಳುವ ಸಹಾಯಕ, ಮೊಬೈಲ್ ಜೋಡಿಸುವ ತಂತ್ರಾಂಶ, ಎಂದೋ ಹಾಕಿಸಿದ ಡಾಂಗಲ್‌ನ ಪುಟ್ಟ ಕಿಟಕಿ ಇತ್ಯಾದಿಗಳ ಮುಂದಿನ ಗುರುತು ತೆಗೆಯಿರಿ. ಆಂಟಿವೈರಸ್ ಒಂದೇ ಇರಲಿ. ಎರಡಿದ್ದರೆ ಒಂದನ್ನೊಂದು ತಪಾಸಣೆ ಮಾಡುತ್ತ ಕೂರುತ್ತವೆ, ನಡುವೆ ನೀವು ಕಾಯುತ್ತೀರಿ.

ವಿಂಡೋಸ್ 10 ಇರುವ ಯಂತ್ರದಲ್ಲಿ ‘ಡಿಸ್ಕ್’ ಎಂಬ ಸಾಲು ಸದಾ ನೂರು ಶೇಕಡ ಎಂದು ಕೆಂಪಾಗಿದ್ದರೆ ನಿಮ್ಮ ಅಡಚಣೆ ಹಾರ್ಡ್ ಡಿಸ್ಕ್. ಬ್ರೌಸರ್ ಬದಲಿಸಿದರೆ ಅದು ಹೋಗುವುದಿಲ್ಲ. ಫ್ಯಾನ್ ಜೋರಾಗಿ ಕೂಗುತ್ತ ಯಂತ್ರ ಬಿಸಿಯಾಗುತ್ತಿದ್ದರೆ ಒಳಗಿನ ಧೂಳು ತೆಗೆಸಿ. ಬಿಸಿಯಾದ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

## ಹಂತ 4: ಆಪರೇಟಿಂಗ್ ಸಿಸ್ಟಂ ನೋಡಿ ಬ್ರೌಸರ್ ಆರಿಸಿ

ಕಾಗದದ ಮೇಲೆ ಬರೆದುಕೊಂಡದ್ದನ್ನು ಈಗ ಎದುರಿಗೆ ಇಟ್ಟುಕೊಳ್ಳಿ. ನಿಮಗೆ ಸಂಬಂಧಿಸಿದ ಭಾಗವನ್ನಷ್ಟೇ ಓದಿದರೆ ಸಾಕು.

ವಿಂಡೋಸ್ ಎಕ್ಸ್‌ಪಿ, ವಿಸ್ಟಾ. ಕ್ರೋಮ್ 49ನೇ ಆವೃತ್ತಿಗೆ, ಫೈರ್‌ಫಾಕ್ಸ್ 52ನೇ ಇಎಸ್‌ಆರ್ ಆವೃತ್ತಿಗೆ ಇಲ್ಲಿ ನಿಂತುಹೋದವು. ಎಕ್ಸ್‌ಪಿಗೆ ಮೈಕ್ರೊಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್‌ನಲ್ಲಿ. ಸೂಪರ್‌ಮಿಯಂ ಎಂಬ, ಕ್ರೋಮಿಯಂನಿಂದ ಕವಲೊಡೆದ ಬ್ರೌಸರ್ ಎಕ್ಸ್‌ಪಿಯಲ್ಲೂ ಓಡುತ್ತದೆ, ಹೊಸ ತಾಣಗಳನ್ನೂ ತೆರೆಯುತ್ತದೆ. ಆದರೆ ಬಾಗಿಲಿಗೆ ಹೊಸ ಬೀಗ ಹಾಕಿದ ಮಾತ್ರಕ್ಕೆ ಕುಸಿದ ಹಿತ್ತಿಲ ಗೋಡೆ ಎದ್ದು ನಿಲ್ಲುವುದಿಲ್ಲ. ಎಕ್ಸ್‌ಪಿ ಯಂತ್ರವನ್ನು ಟೈಪಿಂಗ್, ಹಳೆಯ ಲೆಕ್ಕದ ತಂತ್ರಾಂಶ, ಪ್ರಿಂಟರ್ ಮುಂತಾದ ಕೆಲಸಗಳಿಗೆ ಅಂತರಜಾಲವಿಲ್ಲದೆ ಬಳಸಿ. ಅಂತರಜಾಲ ಬೇಕೇ ಬೇಕೆಂದರೆ ಕೆಳಗಿನ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಭಾಗಕ್ಕೆ ಹೋಗಿ.

ವಿಂಡೋಸ್ 7, 8, 8.1. ಹೆಚ್ಚಿನವರು ಸಿಕ್ಕಿಕೊಂಡಿರುವುದು ಇಲ್ಲೇ. ಕ್ರೋಮ್ ಮತ್ತು ಎಡ್ಜ್ ಎರಡೂ 2023ರ ಜನವರಿಯಲ್ಲಿ ಬಂದ 109ನೇ ಆವೃತ್ತಿಗೆ ಈ ವಿಂಡೋಸ್‌ಗಳಿಗೆ ವಿದಾಯ ಹೇಳಿದವು. ಇವತ್ತೂ ಕ್ರೋಮ್ 109 ತೆರೆಯುತ್ತದೆ, ಪುಟಗಳೂ ಬರುತ್ತವೆ, ಅದಕ್ಕೇ ಜನ ಅದನ್ನೇ ನಂಬಿಕೊಂಡಿದ್ದಾರೆ. ಆ ಬಳಿಕ ಕ್ರೋಮಿಯಂನಲ್ಲಿ ಪತ್ತೆಯಾದ ಒಂದೊಂದು ರಂಧ್ರವೂ ಅದರಲ್ಲಿ ಹಾಗೇ ತೆರೆದಿದೆ ಎಂಬುದು ಮಾತ್ರ ಪರದೆಯ ಮೇಲೆ ಕಾಣುವುದಿಲ್ಲ.

ಇಲ್ಲಿ ನನ್ನ ಆಯ್ಕೆ ಫೈರ್‌ಫಾಕ್ಸ್ 115 ಇಎಸ್‌ಆರ್. ಇಎಸ್‌ಆರ್ ಎಂದರೆ ಹೊಸ ಸೌಲಭ್ಯಗಳ ಗೊಡವೆಯಿಲ್ಲದೆ ಭದ್ರತಾ ತಿದ್ದುಪಡಿಗಳನ್ನಷ್ಟೇ ದೀರ್ಘ ಕಾಲ ಪಡೆಯುವ ಆವೃತ್ತಿ. ವಿಂಡೋಸ್ 7ರಿಂದ 8.1ರವರೆಗಿನ ಯಂತ್ರಗಳಿಗಾಗಿ ಮೊಜಿಲ್ಲಾ ಇದರ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದೆ. ಹೀಗೆ ಮುಂದೂಡುವುದು ಶಾಶ್ವತವಲ್ಲ. ‘ಹೆಲ್ಪ್’ ಮೆನುವಿನ ‘ಅಬೌಟ್ ಫೈರ್‌ಫಾಕ್ಸ್’ ತೆರೆದು ಅಪ್‌ಡೇಟ್ ಇನ್ನೂ ಬರುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಮೂರು ತಿಂಗಳು ಏನೂ ಬರದಿದ್ದರೆ ಆ ಯಂತ್ರಕ್ಕೆ ಲಿನಕ್ಸ್ ಹಾಕುವ ಕಾಲ ಬಂದಿದೆ ಎಂದು ತಿಳಿಯಿರಿ.

115 ಎಂಬ ಅಂಕಿ ಇದ್ದರೆ ಸಾಕು ಎಂದುಕೊಳ್ಳಬೇಡಿ. ಫೈರ್‌ಫಾಕ್ಸ್‌ನ ಒಳಗಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ 2025ರ ಮಾರ್ಚ್ 14ಕ್ಕೆ ಮುಗಿಯಿತು. 115.13ಕ್ಕಿಂತ ಹಿಂದಿನ ಇಎಸ್‌ಆರ್ ಇಟ್ಟುಕೊಂಡವರ ಎಕ್ಸ್‌ಟೆನ್ಷನ್‌ಗಳಿಗೆ (ಬ್ರೌಸರಿಗೆ ಜೋಡಿಸುವ ಪುಟ್ಟ ಸಹಾಯಕ ತಂತ್ರಾಂಶಗಳಿಗೆ) ಅಲ್ಲಿಂದ ಕಂಟಕ ಶುರುವಾಯಿತು. ‘ಜಾಹೀರಾತು ತಡೆ ಹಾಕಿದ್ದೆ, ತಾನಾಗಿ ಮಾಯವಾಯಿತು’ ಎನ್ನುವವರು ಮೊದಲು ಈ ಅಂಕಿಯನ್ನು ನೋಡಬೇಕು.

2 ಜಿಬಿ ರ್ಯಾಮ್ ಇರುವ ವಿಂಡೋಸ್ ಯಂತ್ರಕ್ಕೆ 32 ಬಿಟ್‌ನ ಫೈರ್‌ಫಾಕ್ಸ್ ಸ್ವಲ್ಪ ಕಡಿಮೆ ಮೆಮೊರಿ ತಿನ್ನುತ್ತದೆ. 4 ಜಿಬಿ ಮತ್ತು 64 ಬಿಟ್‌ನ ವಿಂಡೋಸ್ ಇದ್ದರೆ ಕಣ್ಣು ಮುಚ್ಚಿ 64 ಬಿಟ್‌ನದನ್ನೇ ಹಾಕಿ. ಭದ್ರತೆಗೂ ದೊಡ್ಡ ಪುಟಗಳಿಗೂ ಅದೇ ಮೇಲು.

ವಿಂಡೋಸ್ 10. ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೆ ಬ್ರೌಸರುಗಳು ಕೈಬಿಟ್ಟಿಲ್ಲ. 22ಎಚ್2 ಆವೃತ್ತಿಯ ವಿಂಡೋಸ್ 10ರಲ್ಲಿ ಎಡ್ಜ್‌ಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೊಸಾಫ್ಟ್ ಹೇಳಿದೆ. 4 ಜಿಬಿ ರ್ಯಾಮ್ ಇದ್ದರೆ ಎಡ್ಜ್ ಅಥವಾ ಫೈರ್‌ಫಾಕ್ಸ್ ಎರಡರಲ್ಲಿ ಒಂದು ಸಾಕು. ಎಡ್ಜ್ ಹೇಗೂ ಒಳಗೇ ಇದೆ, ಟ್ಯಾಬುಗಳನ್ನು ಮಲಗಿಸುವುದರಲ್ಲಿ ಗಟ್ಟಿಗ. ಹಾಗಿದ್ದರೂ ಜಾಹೀರಾತು ತಡೆಯ ಕಾರಣಕ್ಕೆ ನಾನು ಫೈರ್‌ಫಾಕ್ಸ್ ಕಡೆಗೇ ವಾಲುತ್ತೇನೆ. ವಿವರ ಆರನೆಯ ಹಂತದಲ್ಲಿದೆ. 2 ಜಿಬಿ ಯಂತ್ರದಲ್ಲಿ ವಿಂಡೋಸ್ 10 ಇದ್ದರೆ ಬ್ರೌಸರಿನ ಮಾತು ಬಿಡಿ, ಮೊದಲು ರ್ಯಾಮ್ ಏರಿಸಿ ಅಥವಾ ಲಿನಕ್ಸ್‌ಗೆ ಹೋಗಿ.

ಲಿನಕ್ಸ್. 64 ಬಿಟ್‌ನ ಪ್ರೊಸೆಸರಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಅದರ ಜೊತೆಗೇ ಬರುವ ಫೈರ್‌ಫಾಕ್ಸ್. 2 ಜಿಬಿ ಯಂತ್ರಕ್ಕೆ ಆ್ಯಂಟಿಎಕ್ಸ್ ಅಥವಾ ಲುಬುಂಟು ಇನ್ನೂ ಹಗುರ. ಆ ಕೋರ್ 2 ಡ್ಯೂಯೊದ ಸುಳಿವು ಇಲ್ಲಿ ನೆನಪಿರಲಿ: ಈಗ 32 ಬಿಟ್‌ನ ವಿಂಡೋಸ್ ಇದೆ ಎಂದು 32 ಬಿಟ್‌ನ ಲಿನಕ್ಸನ್ನೇ ಹುಡುಕಬೇಡಿ. ಕ್ರೋಮ್ 32 ಬಿಟ್‌ನ ಲಿನಕ್ಸನ್ನು ಕೈಬಿಟ್ಟದ್ದು 2016ರಲ್ಲೇ. ಫೈರ್‌ಫಾಕ್ಸ್ ಕೂಡ 145ನೇ ಆವೃತ್ತಿಯಿಂದ ಅತ್ತ ತಿರುಗಿ ನೋಡುತ್ತಿಲ್ಲ. ಡೆಬಿಯನ್ 13ರಲ್ಲಿ 32 ಬಿಟ್‌ನ ಯಂತ್ರಗಳಿಗೆ ಅಳವಡಿಕೆಯ ಡಿಸ್ಕೇ ಇಲ್ಲ. ಯಾವ ಲಿನಕ್ಸ್ ಆದರೂ ಪೆನ್‌ಡ್ರೈವಿನಿಂದ ಮೊದಲು ‘ಲೈವ್’ ಆಗಿ ಓಡಿಸಿ ನೋಡಿ; ಹಾರ್ಡ್ ಡಿಸ್ಕಿಗೆ ಕೈ ಹಚ್ಚದೆ, ವೈಫೈ ಮತ್ತು ಧ್ವನಿ ಬರುತ್ತದೆಯೇ ಎಂದು ತಿಳಿಯುತ್ತದೆ.

ಹಳೆಯ ಮ್ಯಾಕ್. ಮ್ಯಾಕ್‌ಒಎಸ್ 10.12ರಿಂದ 10.14ರವರೆಗೆ ಅದೇ ಫೈರ್‌ಫಾಕ್ಸ್ 115 ಇಎಸ್‌ಆರ್.

ಪಟ್ಟಿಗಳಲ್ಲಿ ಸದಾ ಮೇಲೆ ಬರುವ ಪುಟಾಣಿ ಬ್ರೌಸರುಗಳ ಬಗ್ಗೆ ಒಂದು ಮಾತು. ಡಿಲ್ಲೊ ನಿಜಕ್ಕೂ ಹಗುರ, ಆದರೆ ಅದಕ್ಕೆ ಜಾವಾಸ್ಕ್ರಿಪ್ಟ್ ಬರುವುದೇ ಇಲ್ಲ; ಎಂದರೆ ಬ್ಯಾಂಕಿಲ್ಲ, ಟಿಕೆಟಿಲ್ಲ, ಯೂಟ್ಯೂಬಿಲ್ಲ. ನೆಟ್‌ಸರ್ಫ್‌ನದೂ ಹೆಚ್ಚುಕಡಿಮೆ ಅದೇ ಕಥೆ. ಪೇಲ್ ಮೂನ್ ಇವೆರಡಕ್ಕಿಂತ ಬಹಳ ಸಮರ್ಥ, ವಿಂಡೋಸ್ 7ರಲ್ಲೂ ಓಡುತ್ತದೆ, ಅಪ್‌ಡೇಟ್‌ಗಳೂ ಬರುತ್ತವೆ. ಆದರೆ ಅದರ ಎಂಜಿನ್ ಗೋಆನಾ ಎಂಬ ಪ್ರತ್ಯೇಕ ಕವಲು. ಹೊಸ ಬಗೆಯ ತಾಣಗಳು ಅಲ್ಲಲ್ಲಿ ಮುರಿಯುತ್ತವೆ, ಇಂದಿನ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್‌ಗಳು ಅದಕ್ಕೆ ಹೊಂದುವುದಿಲ್ಲ. ಪತ್ರಿಕೆ ಓದಲು, ವಿಕಿಪೀಡಿಯ ನೋಡಲು ಎರಡನೆಯ ಬ್ರೌಸರ್ ಆಗಿ ಇಟ್ಟುಕೊಳ್ಳಬಹುದು. ಮೊದಲನೆಯದಾಗಿ ಬೇಡ.

## ಹಂತ 5: ಹಳೆಯದನ್ನು ಜೋಪಾನ ಮಾಡಿ, ಹೊಸದನ್ನು ಮೂಲದಿಂದಲೇ ತನ್ನಿ

ಈಗಿರುವ ಬ್ರೌಸರಿನಿಂದ ಬುಕ್‌ಮಾರ್ಕುಗಳನ್ನು ‘ಎಕ್ಸ್‌ಪೋರ್ಟ್’ ಮಾಡಿ ಪೆನ್‌ಡ್ರೈವಿಗೆ ಹಾಕಿ. ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಹೀಗೆ ಹೊರತೆಗೆಯಬಹುದು. ಆದರೆ ಆ ಕಡತದಲ್ಲಿ ಎಲ್ಲವೂ ಬರಿಗಣ್ಣಿಗೆ ಓದುವಂತೆ ಇರುತ್ತದೆ. ಹೊಸ ಬ್ರೌಸರಿಗೆ ತುಂಬಿದ ಕೂಡಲೇ ಅದನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಪ್ರಿಂಟಿಗೆಂದು ಅದೇ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟು ಬರುವವರು ಬಹಳ ಮಂದಿ.

ಬ್ರೌಸರನ್ನು ಅದನ್ನು ತಯಾರಿಸುವವರ ತಾಣದಿಂದ ಮಾತ್ರ ಇಳಿಸಿ. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ‘ಉಚಿತ ಡೌನ್‌ಲೋಡ್’ ಎಂಬ ದೊಡ್ಡ ಹಸಿರು ಗುಂಡಿಗಳ ತಾಣಗಳು ಬ್ರೌಸರಿನ ಜೊತೆಗೆ ಟೂಲ್‌ಬಾರ್, ‘ಪಿಸಿ ಕ್ಲೀನರ್’ ಮುಂತಾದ ಕಳೆಯನ್ನೂ ನೆಡುತ್ತವೆ. ಮೊಜಿಲ್ಲಾ ತಾಣದಲ್ಲಿ ಮುಖಪುಟದ ಗುಂಡಿಯನ್ನು ಒತ್ತದೆ, ಎಲ್ಲ ಆವೃತ್ತಿಗಳ ಪುಟಕ್ಕೆ ಹೋಗಿ ಇಎಸ್‌ಆರ್ 115ನ್ನೇ ಆರಿಸಿ, ಪೂರ್ತಿ ಕಡತವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿ ತನ್ನಿ.

ಕಡತವನ್ನು ತೆರೆದಾಗ ವಿಂಡೋಸ್ ಅನುಮತಿ ಕೇಳುತ್ತದೆ. ಅಲ್ಲಿ ಪ್ರಕಾಶಕರ ಹೆಸರು ‘ಮೊಜಿಲ್ಲಾ ಕಾರ್ಪೊರೇಷನ್’ ಎಂದಿದೆಯೇ ನೋಡಿ. ‘ಅಜ್ಞಾತ’ ಎಂದಿದ್ದರೆ ನಿಲ್ಲಿ. ಮೂಲ ತಾಣದಿಂದಲೇ ತಂದದ್ದಾಗಿದ್ದೂ ವಿಂಡೋಸ್ 7 ತಕರಾರು ಮಾಡಿದರೆ ಸರ್ವಿಸ್ ಪ್ಯಾಕ್ 1 ಮತ್ತು 2019ರಲ್ಲಿ ಬಂದ ‘ಎಸ್‌ಎಚ್‌ಎ-2’ ಸಹಿಯ ಅಪ್‌ಡೇಟ್, ಇವೆರಡರಲ್ಲಿ ಯಾವುದೋ ಇಲ್ಲ ಎಂದರ್ಥ. ಅವನ್ನು ಮೈಕ್ರೊಸಾಫ್ಟ್‌ನ ಅಪ್‌ಡೇಟ್ ಸಂಗ್ರಹದಿಂದ ತಂದು ಹಾಕಿ.

## ಹಂತ 6: ಹಗುರ ಮಾಡುವ ಕೆಲಸ ಈಗ

ಮೊದಲ ಕೆಲಸ ಯುಬ್ಲಾಕ್ ಆರಿಜಿನ್ ಎಂಬ ಎಕ್ಸ್‌ಟೆನ್ಷನ್ ಹಾಕುವುದು. ಕನ್ನಡದ್ದೇ ಇರಲಿ, ಇಂಗ್ಲಿಷಿನದ್ದೇ ಇರಲಿ, ಒಂದು ಸುದ್ದಿತಾಣವನ್ನು ತೆರೆದು ನೋಡಿ: ಸುದ್ದಿಯ ಅಕ್ಷರಗಳಿಗಿಂತ ಅದರ ಸುತ್ತ ಓಡುವ ಜಾಹೀರಾತು, ತಾನಾಗಿ ಶುರುವಾಗುವ ವಿಡಿಯೊ, ಹಿಂದೆ ಬೀಳುವ ಟ್ರ್ಯಾಕರ್‌ಗಳದ್ದೇ ಭಾರ. ಅವನ್ನು ಬಾಗಿಲಲ್ಲೇ ತಡೆದರೆ 2 ಜಿಬಿ ಯಂತ್ರಕ್ಕೆ ಸಿಗುವ ಉಸಿರು ಬೇರಾವ ಸೆಟ್ಟಿಂಗ್‌ನಿಂದಲೂ ಸಿಗುವುದಿಲ್ಲ. ಹೆಸರು ಪೂರ್ತಿ ನೋಡಿಕೊಳ್ಳಿ. ಬರೀ ‘ಯುಬ್ಲಾಕ್’ ಎಂಬ ಹೆಸರಿನದು ಬೇರೆ. ನಿಮಗೆ ಬೇಕಾದದ್ದರ ಕರ್ತೃ ರೇಮಂಡ್ ಹಿಲ್. ಕ್ರೋಮ್ ಹಳೆಯ ಬಗೆಯ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸಿದ ಮೇಲೆ ಅಲ್ಲಿ ಉಳಿದಿರುವುದು ಅದರ ‘ಲೈಟ್’ ರೂಪ ಮಾತ್ರ. ಪೂರ್ಣ ಬಲದ್ದು ಫೈರ್‌ಫಾಕ್ಸ್‌ನಲ್ಲಿ ಇದೆ. ನಾನು ಅತ್ತ ವಾಲುವುದಕ್ಕೆ ಇದೇ ಕಾರಣ. ಬ್ಯಾಂಕಿನಲ್ಲೋ ಸರ್ಕಾರಿ ತಾಣದಲ್ಲೋ ಗುಂಡಿ ಒತ್ತಿದರೆ ಏನೂ ಆಗದಿದ್ದರೆ, ಆ ತಾಣಕ್ಕಷ್ಟೇ ಇದನ್ನು ನಿಲ್ಲಿಸಿ ಪುಟವನ್ನು ಮತ್ತೆ ತೆರೆಯಿರಿ.

ಮಿಕ್ಕ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ತೆಗೆಯಿರಿ. ಕೂಪನ್ ಹುಡುಕುವುದು, ಹವಾಮಾನ ಹೇಳುವುದು, ಹಿನ್ನೆಲೆಗೆ ಚಿತ್ರ ಹಾಕುವುದು ಯಾವುದೂ ಬೇಡ.

ಕ್ರೋಮ್ ಅಥವಾ ಎಡ್ಜ್ ಬಳಸುವವರು ಸೆಟ್ಟಿಂಗ್ಸ್‌ನ ‘ಸಿಸ್ಟಂ’ ಭಾಗಕ್ಕೆ ಹೋಗಿ, ಕಿಟಕಿ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಿರಲಿ ಎಂಬ ಆಯ್ಕೆಯನ್ನು ನಿಲ್ಲಿಸಬೇಕು. ಎಡ್ಜ್‌ನಲ್ಲಿ ‘ಸ್ಟಾರ್ಟಪ್ ಬೂಸ್ಟ್’ ಅನ್ನೂ ನಿಲ್ಲಿಸಬೇಕು. ಕ್ರೋಮ್‌ನ ‘ಮೆಮೊರಿ ಸೇವರ್’, ಎಡ್ಜ್‌ನ ‘ಸ್ಲೀಪಿಂಗ್ ಟ್ಯಾಬ್ಸ್’ ಚಾಲೂ ಇರಲಿ. ಫೈರ್‌ಫಾಕ್ಸ್ 93ನೇ ಆವೃತ್ತಿಯಿಂದಲೇ ವಿಂಡೋಸ್‌ನಲ್ಲಿ ಮೆಮೊರಿ ತೀರುತ್ತ ಬಂದಾಗ ಬಳಸದ ಟ್ಯಾಬುಗಳನ್ನು ತಾನಾಗಿ ಇಳಿಸುತ್ತದೆ, ನೀವೇನೂ ಮಾಡಬೇಕಿಲ್ಲ.

‘ಹಾರ್ಡ್‌ವೇರ್ ಆ್ಯಕ್ಸಲರೇಷನ್’ (ಪುಟ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಸೆಟ್ಟಿಂಗ್) ಎಂಬುದರ ಬಗ್ಗೆ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಸರಿಯಾದ ಉತ್ತರ ನಿಮ್ಮ ಗ್ರಾಫಿಕ್ಸ್ ಚಿಪ್ ಮತ್ತು ಅದರ ಡ್ರೈವರನ್ನು ಅವಲಂಬಿಸಿದೆ. ಒಂದು ದಿನ ಹಾಕಿ, ಒಂದು ದಿನ ತೆಗೆದು ನೋಡಿ. ಪುಟ ಸರಿಸುವಾಗ ಕಪ್ಪು ಪಟ್ಟಿಗಳು ಕಂಡರೆ, ಕಿಟಕಿ ಮಿಣುಕಿದರೆ ಅದನ್ನು ತೆಗೆಯುವುದೇ ಸರಿ.

ಎರಡು ತಪ್ಪುಗಳು ಇಲ್ಲಿ ಪದೇ ಪದೇ ಆಗುತ್ತವೆ. ದಿನವೂ ಕ್ಯಾಶ್, ಎಂದರೆ ಮತ್ತೆ ಬಳಸಲೆಂದು ಬ್ರೌಸರ್ ಉಳಿಸಿಟ್ಟುಕೊಂಡ ಪುಟದ ಚಿತ್ರ ಮುಂತಾದವನ್ನು ಅಳಿಸುವುದು ಒಂದು. ಅಳಿಸಿದಷ್ಟೂ ಬ್ರೌಸರ್ ಅದೇ ಚಿತ್ರಗಳನ್ನು ಮತ್ತೆ ಇಳಿಸಬೇಕು, ವೇಗ ಇಳಿಯುತ್ತದೆ. ಎರಡನೆಯದು ‘ರ್ಯಾಮ್ ಬೂಸ್ಟರ್’ ಎಂಬ ತಂತ್ರಾಂಶ ಹಾಕುವುದು. ಇರುವ 2 ಜಿಬಿಯಲ್ಲಿ ತಾನೂ ಒಂದು ಪಾಲು ತಿಂದು, ಬೇಕಾದ ಪುಟಗಳನ್ನೂ ಡಿಸ್ಕಿಗೆ ತಳ್ಳಿ, ಅಂಕಿಯನ್ನು ಮಾತ್ರ ಚೆಂದವಾಗಿ ತೋರಿಸುತ್ತದೆ.

## ಹಂತ 7: ನಿಮ್ಮದೇ ಪುಟಗಳಲ್ಲಿ ಪರೀಕ್ಷಿಸಿ

ವೇಗ ಅಳೆಯುವ ತಾಣಗಳ ಅಂಕಗಳನ್ನು ಬಿಡಿ. ಯಂತ್ರವನ್ನು ಹೊಸದಾಗಿ ಚಾಲೂ ಮಾಡಿ, ನೀವು ದಿನನಿತ್ಯ ನೋಡುವ ಐದು ಪುಟಗಳನ್ನು ಒಂದೊಂದಾಗಿ ತೆರೆಯಿರಿ. ಇಮೇಲ್, ಬ್ಯಾಂಕು, ಪಹಣಿ ನೋಡುವ ಭೂಮಿ ಅಥವಾ ಅರ್ಜಿ ಹಾಕುವ ಸೇವಾ ಸಿಂಧು, ಒಂದು ಪತ್ರಿಕೆ, ಒಂದು ವಿಡಿಯೊ. ಫೈರ್‌ಫಾಕ್ಸ್‌ನಲ್ಲೂ ಕ್ರೋಮ್‌ನಲ್ಲೂ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಬ್ರೌಸರಿನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಒಂದು ಇಮೇಲ್ ಪುಟವೇ ಇನ್ನೂರು ಮುನ್ನೂರು ಎಂಬಿ ದಾಟುವುದನ್ನು ಕಣ್ಣಾರೆ ಕಂಡ ಮೇಲೆ ಟ್ಯಾಬ್ ಮುಚ್ಚುವ ಅಭ್ಯಾಸ ತಾನಾಗಿ ಬರುತ್ತದೆ. 2 ಜಿಬಿಗೆ ಮೂರು ನಾಲ್ಕು ಟ್ಯಾಬ್, 4 ಜಿಬಿಗೆ ಎಂಟು ಹತ್ತು, ಇದು ನನ್ನ ಅಂದಾಜಿನ ಲೆಕ್ಕ.

ಕನ್ನಡ ಸರಿಯಾಗಿ ಮೂಡುತ್ತದೆಯೇ? ಸ್ತ್ರೀ, ರಾಷ್ಟ್ರೀಯ, ಉತ್ಪ್ರೇಕ್ಷೆ, ಸೂರ್ಯ. ಈ ನಾಲ್ಕು ಪದಗಳ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ, ಅಕ್ಷರಗಳ ನಡುವೆ ಚುಕ್ಕೆಯ ವೃತ್ತಗಳು ಕಂಡರೆ, ಫಾಂಟ್ ಅಥವಾ ಲಿಪಿ ಜೋಡಣೆಯ ತೊಂದರೆ ಇದೆ. ವಿಂಡೋಸ್ 7ರಲ್ಲಿ ತುಂಗಾ ಫಾಂಟ್ ಒಳಗೇ ಇದೆ, 8ರಿಂದ ಮುಂದೆ ನಿರ್ಮಲಾ ಇದೆ. ಲಿನಕ್ಸ್‌ನಲ್ಲಿ ಬರೀ ಚೌಕಗಳು ಕಂಡರೆ ನೋಟೊ ಸಾನ್ಸ್ ಕನ್ನಡ, ಗುಬ್ಬಿ ಅಥವಾ ನವಿಲು ಫಾಂಟ್ ಹಾಕಿಕೊಳ್ಳಿ. ಇಡೀ ಪುಟವೇ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂತೆಯಾಗಿದ್ದರೆ ಮಾತ್ರ ಬ್ರೌಸರನ್ನು ಬೈಯಬೇಡಿ. ಅದು ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದ ಹಳೆಯ ಪಠ್ಯ. ಯಾವ ಬ್ರೌಸರಿನಲ್ಲಿ ತೆರೆದರೂ ಹಾಗೇ ಕಾಣುತ್ತದೆ, ಆ ಫಾಂಟೇ ಬೇಕು.

ವಿಡಿಯೊ ತೊದಲುತ್ತದೆಯೇ? ಯೂಟ್ಯೂಬ್ ಇಂದು ವಿಡಿಯೊಗಳನ್ನು ಹೆಚ್ಚಾಗಿ ವಿಪಿ9, ಎವಿ1 ಎಂಬ ಹೊಸ ರೂಪಗಳಲ್ಲಿ ಕಳಿಸುತ್ತದೆ. ಹಳೆಯ ಗ್ರಾಫಿಕ್ಸ್ ಚಿಪ್‌ಗಳು ಅವನ್ನು ತಾವೇ ಬಿಡಿಸಲಾರವು. ಎಲ್ಲ ಭಾರ ಪ್ರೊಸೆಸರಿನ ತಲೆಗೆ ಬರುತ್ತದೆ. ‘ಎಚ್264ಇಫೈ’ ಎಂಬ ಪುಟ್ಟ ಎಕ್ಸ್‌ಟೆನ್ಷನ್ ಹಳೆಯ ಎಚ್.264 ರೂಪವನ್ನೇ ಕಳಿಸುವಂತೆ ಮಾಡುತ್ತದೆ. ಮಿಕ್ಕ ಎಕ್ಸ್‌ಟೆನ್ಷನ್‌ಗಳನ್ನು ತೆಗೆಯಿರಿ ಎಂದೆನಲ್ಲ, ಇದೊಂದಕ್ಕೆ ವಿನಾಯಿತಿ. ಜೊತೆಗೆ ಗುಣಮಟ್ಟವನ್ನು 480ಕ್ಕೆ ಇಳಿಸಿ. ಹಳೆಯ ಚೌಕ ಮಾನಿಟರಿನಲ್ಲಿ 1080ರ ವಿಡಿಯೊ ನೋಡಿ ಸಿಗುವ ಲಾಭವಾದರೂ ಏನು?

ಪಿಡಿಎಫ್ ಮತ್ತು ಮುದ್ರಣ. ಸ್ಕ್ಯಾನ್ ಮಾಡಿದ ದೊಡ್ಡ ಪಿಡಿಎಫ್‌ಗಳನ್ನು ಬ್ರೌಸರಿನೊಳಗೇ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ. ಇಳಿಸಿಕೊಂಡು ಸುಮಾತ್ರ ಪಿಡಿಎಫ್‌ನಂತಹ ಹಗುರ ತಂತ್ರಾಂಶದಲ್ಲಿ ತೆರೆಯಿರಿ. ಟೆಂಡರ್, ತೆರಿಗೆ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಹೊಸ ಬ್ರೌಸರಿನಲ್ಲಿ ಸಹಿ ಬೀಳುತ್ತದೆ ಎಂದು ಖಚಿತವಾಗುವವರೆಗೆ ಹಳೆಯದನ್ನು ತೆಗೆಯಬೇಡಿ.

ಎಲ್ಲವೂ ಸರಿಯಾದ ಮೇಲೆ ಉಳಿದ ಬ್ರೌಸರುಗಳನ್ನು ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದುಹಾಕಿ. ಪ್ರತಿಯೊಂದೂ ತನ್ನದೊಂದು ಅಪ್‌ಡೇಟ್ ಸೇವೆಯನ್ನು ಹಿನ್ನೆಲೆಯಲ್ಲಿ ಇಟ್ಟುಕೊಂಡಿರುತ್ತದೆ. ಆಪತ್ಕಾಲಕ್ಕೆ ಒಂದು ಇರಲಿ, ಎರಡು ಬೇಡ. ವಿಂಡೋಸ್ 7ರಲ್ಲಿ ಬ್ಯಾಂಕಿನ ತಾಣ ಫೈರ್‌ಫಾಕ್ಸ್‌ನಲ್ಲಿ ತೆರೆಯಲಿಲ್ಲವೆಂದು ಕ್ರೋಮ್ 109ಕ್ಕೆ ಓಡುವ ಬದಲು ಆ ಒಂದು ಕೆಲಸವನ್ನು ಮೊಬೈಲಿನಲ್ಲಿ, ಬ್ಯಾಂಕಿನದೇ ಆ್ಯಪ್‌ನಲ್ಲಿ ಮಾಡಿ.

## ಕೈ ನಿಲ್ಲಿಸಬೇಕಾದ ಚಿಹ್ನೆಗಳು

- ಪುಟದ ನಡುವೆ ‘ನಿಮ್ಮ ಬ್ರೌಸರ್ ಹಳೆಯದು, ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ’ ಎಂಬ ಕಿಟಕಿ. ನಿಜವಾದ ಅಪ್‌ಡೇಟ್ ಬ್ರೌಸರಿನ ಮೆನುವಿನೊಳಗಿಂದ ಬರುತ್ತದೆ, ಯಾವುದೋ ಪುಟದಿಂದ ಬರುವುದಿಲ್ಲ.
- ನೀವು ಇಡದ ಮುಖಪುಟ, ನೀವು ಆರಿಸದ ಹುಡುಕು ತಾಣ ತಾನಾಗಿ ಬಂದು ಕೂತಿರುವುದು. ಎಕ್ಸ್‌ಟೆನ್ಷನ್ ಪಟ್ಟಿ ತೆರೆಯಿರಿ, ಗುರುತಿಲ್ಲದ್ದನ್ನು ತೆಗೆಯಿರಿ.
- ಪರದೆಯ ಮೂಲೆಯಲ್ಲಿ ಲಾಟರಿ, ವೈರಸ್, ಸಾಲದ ಸೂಚನೆಗಳು ಸುರಿಯುವುದು. ಎಂದೋ ಯಾವುದೋ ತಾಣಕ್ಕೆ ‘ಅಲೋ’ ಒತ್ತಿದ್ದೀರಿ. ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ ಅನುಮತಿಗಳನ್ನೆಲ್ಲ ಹಿಂಪಡೆಯಿರಿ.
- ಬ್ರೌಸರ್ ಮುಚ್ಚಿದ ಮೇಲೂ ಪ್ರೊಸೆಸರ್ ಪೂರ್ತಿ ದುಡಿಯುತ್ತಿರುವುದು. ಆಂಟಿವೈರಸ್ ತಪಾಸಣೆ ಮುಗಿಯುವವರೆಗೆ ಆ ಯಂತ್ರದಲ್ಲಿ ಯಾವ ಪಾಸ್‌ವರ್ಡನ್ನೂ ಒತ್ತಬೇಡಿ.

## ಇಷ್ಟಾದರೂ ತೆವಳುತ್ತಿದ್ದರೆ

ಆಗ ತಂತ್ರಾಂಶದ ಕೆಲಸ ಮುಗಿದಿದೆ, ಬಿಡಿಭಾಗದ ಸರದಿ. ರ್ಯಾಮ್ 2 ಜಿಬಿ ಇದ್ದರೆ ಮೊದಲು ಅದನ್ನು ಏರಿಸಿ. 4 ಜಿಬಿ ಇದ್ದೂ ನಿಧಾನವಾಗಿದ್ದರೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಕಡೆ ಹಳೆಯ ಯಂತ್ರಗಳ ಬಳಸಿದ ರ್ಯಾಮ್ ಇನ್ನೂ ಸಿಗುತ್ತದೆ. ಹೋಗುವಾಗ ಈಗಿರುವ ರ್ಯಾಮ್ ಪಟ್ಟಿಯನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ಡಿಡಿಆರ್2 ಎಂಬ ಹಳೆಯ ಬಗೆಯ ರ್ಯಾಮಿನ ಕಚ್ಚಿನಲ್ಲಿ ನಂತರದ ಡಿಡಿಆರ್3 ಕೂರುವುದಿಲ್ಲ, ಲ್ಯಾಪ್‌ಟಾಪಿನದು ಡೆಸ್ಕ್‌ಟಾಪಿಗೆ ಆಗುವುದಿಲ್ಲ. ಮದರ್‌ಬೋರ್ಡ್ ಗರಿಷ್ಠ ಎಷ್ಟನ್ನು ಒಪ್ಪುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಕಾಗದದ ಮೇಲೆ ‘32 ಬಿಟ್’ ಎಂದು ಬರೆದುಕೊಂಡಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಆ ವಿಂಡೋಸ್ 4 ಜಿಬಿಯ ಆಚೆಗೆ ಏನಿದ್ದರೂ ಕಾಣದು. 64 ಬಿಟ್‌ನದನ್ನು ಹಾಕಿಸುವ ಯೋಚನೆ ಇಲ್ಲದಿದ್ದರೆ 8 ಜಿಬಿಗೆ ಹಣ ಕೊಡಬೇಡಿ. ಹೊಸ ರ್ಯಾಮ್ ಕೂರಿಸಿದ ಮೇಲೆ ಮೂರನೆಯ ಹಂತದಿಂದ ಮತ್ತೆ ಅಳೆಯುತ್ತ ಬನ್ನಿ.